ಗುದನಾಳದ ಕ್ಯಾನ್ಸರ್: ಮೊದಲು ಆಪರೇಷನ್ನೋ, ಮೊದಲು ಕರೆಂಟೋ?

ಪ್ರಶ್ನೆ: ನಾವು ಜಮಖಂಡಿ ತಾಲ್ಲೂಕಿನವರು, ಕಬ್ಬು ಬೆಳೆಯುವ ಮನೆ. ನನಗೆ 34, ನನ್ನ ತಂದೆಗೆ 58 ವರ್ಷ. ಏಳೆಂಟು ತಿಂಗಳಿಂದ ಅವರಿಗೆ ಸಂಡಾಸದಲ್ಲಿ ರಕ್ತ ಬೀಳುತ್ತಿತ್ತು. ಮೂಲವ್ಯಾಧಿ ಅಂದುಕೊಂಡು ನಾಟಿ ಔಷಧಿ ತಗೊಂಡರು. ಈಗ ಕೊಲೊನೋಸ್ಕೋಪಿಯಲ್ಲಿ ಗುದದ್ವಾರದಿಂದ 6 ಸೆಂ.ಮೀ. ಮೇಲೆ ಗಡ್ಡೆ ಕಂಡಿದೆ. ಬಯಾಪ್ಸಿಯಲ್ಲಿ ಅಡಿನೋಕಾರ್ಸಿನೋಮಾ ಎಂದು ಬಂದಿದೆ. ಎಂಆರ್‌ಐ ರಿಪೋರ್ಟಿನಲ್ಲಿ ಟಿ3, ಎನ್1, ಇಎಂವಿಐ ಪಾಸಿಟಿವ್, ಮೆಸೊರೆಕ್ಟಲ್ ಫೇಷಿಯಾದಿಂದ 2 ಮಿ.ಮೀ. ದೂರ ಅಂತಿದೆ. ಸಿ.ಟಿ.ಯಲ್ಲಿ ಲಿವರ್, ಶ್ವಾಸಕೋಶ ಸ್ವಚ್ಛ. ಬೆಳಗಾವಿಯ ಡಾಕ್ಟರು ಮೊದಲು ಕರೆಂಟ್ (ರೇಡಿಯೇಷನ್) ಮತ್ತು ಕಿಮೋ, ಐದಾರು ತಿಂಗಳಾದ ಮೇಲೆ ಆಪರೇಷನ್ ಅಂದರು. ಸಂಬಂಧಿಕರು ತೋರಿಸಿದ ಇನ್ನೊಬ್ಬ ಸರ್ಜನ್ ಮುಂದಿನ ವಾರವೇ ತೆಗೆದುಬಿಡೋಣ ಅಂತಾರೆ. ಅಷ್ಟು ದಿನ ಬಿಟ್ಟರೆ ಹರಡುವುದಿಲ್ಲವೇ? ಆಪರೇಷನ್ ಆದ ಮೇಲೂ ಕಿಮೋ ಬೇಕಾ? ಜೀವನಪೂರ್ತಿ ಮಲಕ್ಕಾಗಿ ಹೊಟ್ಟೆಗೆ ಚೀಲ ಹಾಕ್ತಾರಂತೆ, ನಿಜವಾ? ಒಂದೇ ಇಂಜೆಕ್ಷನ್ನಿಗೆ ಈ ಕ್ಯಾನ್ಸರ್ ಹೋಗುತ್ತದೆ ಅಂತ ವಾಟ್ಸಾಪಿನಲ್ಲಿ ಬಂದಿದೆ, ಅದು ಖರೇನಾ?

ಉತ್ತರ: ನಿಮ್ಮ ದೊಡ್ಡ ಭಯದಿಂದಲೇ ಶುರುಮಾಡುತ್ತೇನೆ. ಕರೆಂಟ್ ಮತ್ತು ಕಿಮೋ ನಡೆಯುವ ಆ ಐದಾರು ತಿಂಗಳು ಗಡ್ಡೆಯನ್ನು ಸುಮ್ನೆ ಬಿಟ್ಟಂತಾಗುವುದಿಲ್ಲ. ಮೊದಲ ದಿನದಿಂದಲೇ ಅದಕ್ಕೆ ಏಟು ಬೀಳುತ್ತಿರುತ್ತದೆ. ನೀವು ಬರೆದ ರಿಪೋರ್ಟ್ ಪ್ರಕಾರ ನಾನೂ ಬೆಳಗಾವಿಯ ಡಾಕ್ಟರ ಮಾತನ್ನೇ ಹೇಳುತ್ತೇನೆ. ಈ ಗಡ್ಡೆಗೆ ಮುಂದಿನ ವಾರ ಆಪರೇಷನ್ ಬೇಡ.

ಹಾಗಂತ ನೇರ ಆಪರೇಷನ್ ಯಾರಿಗೂ ಮಾಡುವುದಿಲ್ಲ ಅಂತಲ್ಲ. ಗಡ್ಡೆ ಟಿ1 ಅಥವಾ ಟಿ2 ಹಂತದಲ್ಲಿದ್ದು (ಅಂದರೆ ಇನ್ನೂ ಕರುಳಿನ ಗೋಡೆ ದಾಟದೆ), ಹತ್ತಿರದ ಗಂಟುಗಳಿಗೆ (ಲಿಂಫ್ ನೋಡ್) ಹೋಗಿರದಿದ್ದರೆ ಮೊದಲು ಆಪರೇಷನ್ನೇ ಸರಿ. ಗುದನಾಳ ಬಿಟ್ಟು ದೊಡ್ಡ ಕರುಳಿನ ಮೇಲಿನ ಭಾಗದಲ್ಲಿ ಕ್ಯಾನ್ಸರ್ ಇದ್ದರೂ ಹೆಚ್ಚಾಗಿ ಹಾಗೇ ಮಾಡುತ್ತೇವೆ. ನಿಮ್ಮ ಬೀಗರ ಪೈಕಿ ಯಾರಿಗೋ ಕರುಳಿನ ಕ್ಯಾನ್ಸರಿಗೆ ಮೊದಲೇ ಆಪರೇಷನ್ ಆಗಿ, ಅವರು ಈಗ ಆರಾಮಾಗಿ ಓಡಾಡುತ್ತಿರಬಹುದು. ಅವರದ್ದು ಬೇರೆ ಜಾಗ, ಬೇರೆ ಲೆಕ್ಕ.

ಗುದನಾಳ ಅಂದರೆ ದೊಡ್ಡ ಕರುಳಿನ ಕೊನೆಯ ಸುಮಾರು 15 ಸೆಂ.ಮೀ. ಅದು ಕೂತಿರುವುದು ಸೊಂಟದ ಎಲುಬಿನ ಇಕ್ಕಟ್ಟಿನಲ್ಲಿ. ಮುಂದೆ ಮೂತ್ರಕೋಶ, ಗಂಡಸರಲ್ಲಿ ಪ್ರಾಸ್ಟೇಟ್, ಹೆಂಗಸರಲ್ಲಿ ಗರ್ಭಕೋಶ. ಹಿಂದೆ ಬೆನ್ನೆಲುಬಿನ ಬುಡ. ಅಕ್ಕಪಕ್ಕದಲ್ಲಿ ಮೂತ್ರ ಮತ್ತು ಲೈಂಗಿಕ ಶಕ್ತಿಯನ್ನು ನಡೆಸುವ ಸಣ್ಣ ನರಗಳು. ಸರ್ಜನ್ ಇಲ್ಲಿ ಕೆಲಸ ಮಾಡುವುದು ಸಣ್ಣ ಬಾಯಿಯ ಕೊಡದೊಳಗೆ ಕೈ ಹಾಕಿ ತಳದಲ್ಲಿ ಅಂಟಿದ್ದನ್ನು ಬಿಡಿಸಿದ ಹಾಗೆ. ಹೊಟ್ಟೆಯಲ್ಲಿ ಆದರೆ ಗಡ್ಡೆಯ ಸುತ್ತ ಬೇಕಾದಷ್ಟು ಜಾಗ ಬಿಟ್ಟು ಕತ್ತರಿಸಬಹುದು. ಇಲ್ಲಿ ಆ ಸಡಿಲ ಇಲ್ಲ. ಒಂದು ಕಡೆ ಕ್ಯಾನ್ಸರ್ ಕಣ ಉಳಿದರೆ ಅದೇ ಜಾಗದಲ್ಲಿ ಮತ್ತೆ ಬೆಳೆಯುತ್ತದೆ. ಹಾಗೆ ಮರಳಿ ಬಂದ ಗಡ್ಡೆ ನರ, ಎಲುಬು ಹಿಡಿದುಕೊಳ್ಳುತ್ತದೆ. ಆ ನೋವು ಬಹಳ ಕೆಟ್ಟದ್ದು. ಎರಡನೇ ಸಲ ಆಪರೇಷನ್ ಮಾಡಿ ತೆಗೆಯುವುದೂ ಹಲವರಲ್ಲಿ ಆಗುವುದಿಲ್ಲ.

ಈಗ ಆ ಎಂಆರ್‌ಐ ಕಾಗದಕ್ಕೆ ಬನ್ನಿ. ಇಡೀ ನಿರ್ಧಾರ ಅದರ ಮೇಲೆ ನಿಂತಿದೆ. ಟಿ3 ಅಂದರೆ ಗಡ್ಡೆ ಕರುಳಿನ ಗೋಡೆ ದಾಟಿ ಸುತ್ತಲಿನ ಕೊಬ್ಬಿಗೆ ಕಾಲಿಟ್ಟಿದೆ. ಎನ್1 ಅಂದರೆ ಆ ಕೊಬ್ಬಿನಲ್ಲಿರುವ ಒಂದರಿಂದ ಮೂರು ಗಂಟುಗಳ ಮೇಲೆ ಅನುಮಾನ ಇದೆ. ಇಎಂವಿಐ ಪಾಸಿಟಿವ್ ಅಂದರೆ ಗಡ್ಡೆ ಕರುಳಿನ ಹೊರಗಿನ ಸಣ್ಣ ರಕ್ತನಾಳದೊಳಗೆ ನುಗ್ಗಿರುವುದು ಚಿತ್ರದಲ್ಲಿ ಕಾಣುತ್ತಿದೆ. ದೂರದ ಅಂಗಕ್ಕೆ ಹೋಗುವ ದಾರಿ ಅದೇ, ಹಾಗಾಗಿ ಈ ಮಾತನ್ನು ಹಗುರಾಗಿ ತಗೊಳ್ಳಬೇಡಿ. ಮೆಸೊರೆಕ್ಟಲ್ ಫೇಷಿಯಾ ಅನ್ನುವುದು ಗುದನಾಳವನ್ನೂ ಅದರ ಕೊಬ್ಬನ್ನೂ ಸುತ್ತಿಕೊಂಡಿರುವ ತೆಳು ಪದರ. ಸರ್ಜನ್ನಿನ ಕತ್ತರಿ ಹೋಗಬೇಕಾದ ಗೆರೆ ಅದು. ಗಡ್ಡೆ ಅದಕ್ಕೆ 1 ಮಿ.ಮೀ.ಗಿಂತ ಹತ್ತಿರ ಬಂದರೆ ಅಪಾಯ ಅಂತ ಲೆಕ್ಕ. ನಿಮ್ಮ ತಂದೆಯದು 2 ಮಿ.ಮೀ. ಇನ್ನೂ ಮುಟ್ಟಿಲ್ಲ, ಆದರೆ ಬಾಗಿಲ ಹತ್ತಿರ ಬಂದಿದೆ.

ಬೇರೆ ಓದುಗರಿಗೂ ಒಂದು ಮಾತು ಹೇಳಿಬಿಡುತ್ತೇನೆ. ಗುದನಾಳದ ಕ್ಯಾನ್ಸರ್ ಅಂತ ಗೊತ್ತಾದ ಮೇಲೆ ಪೆಲ್ವಿಸ್ ಎಂಆರ್‌ಐ ಆಗದೆ ಆಪರೇಷನ್ ತಾರೀಖು ಕೊಟ್ಟರೆ, ಎಂಆರ್‌ಐ ಯಾಕೆ ಬೇಡ ಅಂತ ಕೇಳಿ. ಕರುಳು ಪೂರ್ತಿ ಮುಚ್ಚಿಕೊಂಡು ಹೊಟ್ಟೆ ಉಬ್ಬಿದ್ದರೆ, ತೂತಾಗಿದ್ದರೆ ಅಥವಾ ರಕ್ತ ನಿಲ್ಲದಿದ್ದರೆ ಮಾತ್ರ ಅವಸರ ಸರಿ. ಆಗಲೂ ಎಷ್ಟೋ ಸಲ ಮೇಲಿನ ಕರುಳಿಗೆ ತಾತ್ಕಾಲಿಕ ದಾರಿ ಮಾಡಿ ಅಷ್ಟಕ್ಕೇ ನಿಲ್ಲಿಸುತ್ತಾರೆ. ಗಡ್ಡೆಯನ್ನು ಆಮೇಲೆ ನೋಡುತ್ತಾರೆ.

ಮೊದಲು ಕರೆಂಟ್ ಅನ್ನುವ ಈ ಪದ್ಧತಿ ಸುಮ್ನೆ ಬಂದದ್ದಲ್ಲ. ಇಂಗ್ಲೆಂಡಿನ ಬೇಸಿಂಗ್‌ಸ್ಟೋಕ್ ಎಂಬ ಊರಿನ ಸರ್ಜನ್ ಬಿಲ್ ಹೀಲ್ಡ್ 1982ರಲ್ಲಿ ಒಂದು ವಿಷಯ ಹೇಳಿದರು. ಗುದನಾಳವನ್ನು ಅದರ ಕೊಬ್ಬಿನ ಹೊದಿಕೆ ಸಮೇತ, ಪದರ ಹರಿಯದಂತೆ ಇಡಿಯಾಗಿ ಬಿಡಿಸಿ ತೆಗೆಯಬೇಕು ಅಂತ. ಇದಕ್ಕೆ ಟಿಎಂಇ ಅನ್ನುತ್ತೇವೆ. ಇವತ್ತಿಗೂ ಒಳ್ಳೆಯ ಆಪರೇಷನ್ ಅಂದರೆ ಅದೇ. ಅದು ಎಲ್ಲ ಕಡೆ ರೂಢಿಯಾಗುವ ಮೊದಲು ಸ್ವೀಡನ್ನಿನಲ್ಲಿ ನಡೆದ ಅಧ್ಯಯನ 1997ರಲ್ಲಿ ಪ್ರಕಟವಾಯಿತು. ಬರೀ ಆಪರೇಷನ್ ಆದವರಲ್ಲಿ 5 ವರ್ಷದೊಳಗೆ ಶೇ. 27 ಮಂದಿಗೆ ಅದೇ ಜಾಗದಲ್ಲಿ ಗಡ್ಡೆ ಮರಳಿತ್ತು. ಆಪರೇಷನ್ನಿಗೆ ಮೊದಲು ಐದು ದಿನ ಕರೆಂಟ್ ಕೊಟ್ಟವರಲ್ಲಿ ಶೇ. 11 ಮಾತ್ರ.

ಹಾಗಾದರೆ ಮೊದಲು ಆಪರೇಷನ್ ಮಾಡಿ, ಬೇಕೆನಿಸಿದರೆ ಆಮೇಲೆ ಕರೆಂಟ್ ಕೊಟ್ಟರಾಗದೇ? ನಿಮ್ಮ ಸಂಬಂಧಿಕರು ಇದನ್ನೇ ಕೇಳುತ್ತಾರೆ, ಬರೆದಿಟ್ಟುಕೊಳ್ಳಿ. ಜರ್ಮನಿಯವರು ಇದನ್ನೇ ಪರೀಕ್ಷಿಸಿದರು. ಅರ್ಧ ಮಂದಿಗೆ ಮೊದಲು, ಅರ್ಧ ಮಂದಿಗೆ ಆಮೇಲೆ. 2004ರಲ್ಲಿ ಫಲಿತಾಂಶ ಬಂತು. 5 ವರ್ಷದಲ್ಲಿ ಅದೇ ಜಾಗದಲ್ಲಿ ಮರಳಿದ್ದು ಮೊದಲು ಕೊಟ್ಟವರಲ್ಲಿ ಶೇ. 6, ಆಮೇಲೆ ಕೊಟ್ಟವರಲ್ಲಿ ಶೇ. 13. ದೀರ್ಘಕಾಲದ ಗಂಭೀರ ತೊಂದರೆ ಶೇ. 14 ಮತ್ತು ಶೇ. 24. ಒಟ್ಟು ಬದುಕಿನ ಅವಧಿಯಲ್ಲಿ ಮಾತ್ರ ಎರಡೂ ಗುಂಪು ಸರಿಸಮ. ಕರೆಂಟಿನ ಮುಖ್ಯ ಲಾಭ ಆ ಜಾಗವನ್ನು ಕಾಯುವುದು.

ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಆಪರೇಷನ್ ಆಗದ ಜಾಗದಲ್ಲಿ ರಕ್ತ ಚೆನ್ನಾಗಿ ಓಡುತ್ತದೆ. ಆಮ್ಲಜನಕ ಇದ್ದಲ್ಲಿ ಕಿರಣಗಳ ಏಟು ಜೋರು. ಆಪರೇಷನ್ ಆದ ಮೇಲೆ ಖಾಲಿಯಾದ ಜಾಗಕ್ಕೆ ಸಣ್ಣ ಕರುಳು ಇಳಿದು ಕೂರುತ್ತದೆ, ಅದಕ್ಕೂ ಕಿರಣ ತಾಗುತ್ತದೆ. ಹೊಸದಾಗಿ ಜೋಡಿಸಿದ ಕರುಳಿಗೂ ತಾಗುತ್ತದೆ. ಮೊದಲೇ ಕೊಟ್ಟರೆ ಕಿರಣ ಬಿದ್ದ ಭಾಗದ ಬಹುಪಾಲು ಆಪರೇಷನ್ನಿನಲ್ಲಿ ಹೊರಗೇ ಹೋಗುತ್ತದೆ.

ಇನ್ನು ಕಿಮೋ. ಹಿಂದೆ ಕರೆಂಟ್, ಆಪರೇಷನ್, ಆಮೇಲೆ ನಾಲ್ಕು ತಿಂಗಳು ಕಿಮೋ ಅಂತ ಕ್ರಮ ಇತ್ತು. ಕಾಗದದ ಮೇಲೆ ಚೆನ್ನಾಗಿತ್ತು. ನಿಜದಲ್ಲಿ ಆಪರೇಷನ್ ಆದವರು ಸೊರಗಿರುತ್ತಾರೆ. ಗಾಯ ಮಾಯುವುದು ತಡ, ಹೊಟ್ಟೆಗೆ ಚೀಲ ಬೇರೆ. ಯುರೋಪಿನ ಒಂದು ದೊಡ್ಡ ಅಧ್ಯಯನದಲ್ಲೇ ಆಮೇಲಿನ ಕಿಮೋವನ್ನು ಪೂರ್ತಿ ತಗೊಂಡವರು ಅರ್ಧಕ್ಕಿಂತ ಕಡಿಮೆ. ನಮ್ಮ ಕಡೆ ಕಬ್ಬು ಕಡಿಯುವ ಹಂಗಾಮು, ಮನೆಯ ಮದುವೆ, ದುಡ್ಡಿನ ಅಡಚಣೆ ಎಲ್ಲ ಸೇರಿದರೆ ಕೇಳುವುದೇ ಬೇಡ. ಹಾಗಾಗಿ ಕಿಮೋವನ್ನೂ ಆಪರೇಷನ್ನಿಗೆ ಮೊದಲೇ ಮುಗಿಸುವ ಯೋಚನೆ ಬಂತು. ಇದನ್ನು ಟಿಎನ್‌ಟಿ ಅಂತಾರೆ. ಮೈಯಲ್ಲಿ ಕಸುವಿರುವಾಗಲೇ ಕಿಮೋ ಕೊಡುವುದು. ಕಣ್ಣಿಗೆ ಕಾಣದ ಕಣಗಳು ರಕ್ತದಲ್ಲಿ ಓಡಾಡುತ್ತಿದ್ದರೆ ಅವುಗಳ ಮೇಲೂ ಬೇಗ ಕೈ ಹಾಕಿದಂತಾಯಿತು. ನಿಮ್ಮ ತಂದೆಗೆ ಇಎಂವಿಐ ಪಾಸಿಟಿವ್ ಇದೆಯಲ್ಲ, ಅಂಥವರಿಗೆ ಇದು ಇನ್ನೂ ಜಾಸ್ತಿ ಒಪ್ಪುತ್ತದೆ.

ಫ್ರಾನ್ಸಿನ ಪ್ರಾಡಿಜ್ 23 ಅಧ್ಯಯನದಲ್ಲಿ ಮೊದಲು ಕಿಮೋ, ಆಮೇಲೆ ಕರೆಂಟ್, ಆಮೇಲೆ ಆಪರೇಷನ್ ಮಾಡಿದರು. 3 ವರ್ಷ ಕಾಯಿಲೆ ಮರಳದೆ ಇದ್ದವರು ಶೇ. 76. ಹಳೆಯ ಕ್ರಮದಲ್ಲಿ ಶೇ. 69. ಹೊರತೆಗೆದ ಕರುಳಿನಲ್ಲಿ ಒಂದು ಕ್ಯಾನ್ಸರ್ ಕಣವೂ ಸಿಗದವರು ಶೇ. 28. ಹಳೆಯ ಕ್ರಮದಲ್ಲಿ ಶೇ. 12 ಮಾತ್ರ. ಕಾದಿದ್ದರಿಂದ ಹರಡಿತು ಅನ್ನುವುದಕ್ಕೆ ಇದು ತದ್ವಿರುದ್ಧ ಅಲ್ವಾ?

ಕರೆಂಟಿನಲ್ಲಿ ಎರಡು ದಾರಿ. ಒಂದು ದೊಡ್ಡದು: ಸೋಮವಾರದಿಂದ ಶುಕ್ರವಾರ, 25ರಿಂದ 28 ಸಲ, ಅಂದರೆ ಐದೂವರೆ ವಾರದ ಹತ್ತಿರ. ಜೊತೆಗೆ ದಿನಾ ಎರಡು ಹೊತ್ತು ಕೆಪೆಸಿಟಬೀನ್ ಎಂಬ ಕಿಮೋ ಮಾತ್ರೆ. ಇನ್ನೊಂದು ಚಿಕ್ಕದು: ಐದೇ ದಿನ, ದಿನಕ್ಕೆ 5 ಗ್ರೇ (ಗ್ರೇ ಅಂದರೆ ಕಿರಣದ ಅಳತೆ). ಊರಿಂದ ಬರುವವರಿಗೆ ಐದು ದಿನ ಅಂದರೆ ಎಷ್ಟು ಅನುಕೂಲ ಅಂತ ನನಗೆ ಗೊತ್ತು. ರೂಮಿನ ಬಾಡಿಗೆ ಉಳಿಯುತ್ತದೆ, ಜೊತೆಗೆ ಬಂದವರ ಕೂಲಿ ಉಳಿಯುತ್ತದೆ. ಎಷ್ಟೋ ಮಂದಿಗೆ ನಾನೇ ಅದನ್ನು ಬರೆಯುತ್ತೇನೆ. ಆದರೆ ಒಂದು ತೊಡಕಿದೆ. ಐದು ದಿನದ ಕರೆಂಟ್ ಕೊಟ್ಟು ಆಮೇಲೆ ಕಿಮೋ ಕೊಟ್ಟ ರಾಪಿಡೋ ಅಧ್ಯಯನದಲ್ಲಿ ದೂರದ ಅಂಗಕ್ಕೆ ಹರಡುವುದು ಕಡಿಮೆಯಾಯಿತು, ಆದರೆ 5 ವರ್ಷದ ಹೊತ್ತಿಗೆ ಅದೇ ಜಾಗದಲ್ಲಿ ಮರಳಿದ್ದು ಶೇ. 10 ಮಂದಿಗೆ. ದೊಡ್ಡ ಕರೆಂಟಿನ ಗುಂಪಿನಲ್ಲಿ ಶೇ. 6. ಗಡ್ಡೆ 6 ಸೆಂ.ಮೀ.ನಲ್ಲೇ ಇದ್ದು ಪದರಕ್ಕೆ 2 ಮಿ.ಮೀ. ಹತ್ತಿರ ಇರುವಾಗ ನಾನಾದರೆ ದೊಡ್ಡ ಕರೆಂಟನ್ನೇ ಆರಿಸುತ್ತೇನೆ, ಅದಾದ ಮೇಲೆ ನಾಲ್ಕು ತಿಂಗಳು ಕಿಮೋ. ನಿಮ್ಮ ಡಾಕ್ಟರು ಚಿತ್ರಗಳನ್ನೇ ನೋಡಿದ್ದಾರೆ, ಕೊನೆಯ ಮಾತು ಅವರದ್ದು. ಅವರು ಐದು ದಿನ ಅಂದಿದ್ದರೆ ಯಾಕೆ ಅಂತ ಕೇಳಿ, ಜಗಳ ಮಾಡಬೇಡಿ.

ಇನ್ನು ಕೆಲವರಿಗೆ ಕರೆಂಟೇ ಬೇಡದಿರಬಹುದು. 2023ರಲ್ಲಿ ಬಂದ ಪ್ರಾಸ್ಪೆಕ್ಟ್ ಅಧ್ಯಯನದಲ್ಲಿ ಮೊದಲು ಬರೀ ಕಿಮೋ ಕೊಟ್ಟು, ಗಡ್ಡೆ ಸಾಕಷ್ಟು ಕರಗದವರಿಗೆ ಮಾತ್ರ ಕರೆಂಟ್ ಕೊಟ್ಟರು. ಫಲಿತಾಂಶ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಆದರೆ ಅದರಲ್ಲಿ ಇದ್ದವರ ಗಡ್ಡೆ ಪದರದಿಂದ ದೂರ ಇತ್ತು. ಮಕ್ಕಳಾಗಬೇಕಾದ ಚಿಕ್ಕ ವಯಸ್ಸಿನವರು ಈ ದಾರಿಯ ಬಗ್ಗೆ ಕೇಳಲೇಬೇಕು. ಯಾಕೆಂದರೆ ಸೊಂಟಕ್ಕೆ ಕರೆಂಟ್ ಕೊಟ್ಟರೆ ಹೆಂಗಸರಿಗೆ ಮುಟ್ಟು ನಿಂತು ಹೋಗಬಹುದು, ಗಂಡಸರಿಗೆ ವೀರ್ಯದ ತೊಂದರೆ ಬರಬಹುದು. ಅಂಡಾಣು, ವೀರ್ಯ ಶೇಖರಿಸಿಡುವುದಿದ್ದರೆ ಕರೆಂಟಿಗೆ ಮೊದಲೇ ಆಗಬೇಕು. ಆಮೇಲೆ ಕೇಳಿದರೆ ತಡ.

ಕರೆಂಟ್ ಅಂದ ಕೂಡಲೇ ಮಂದಿ ಹೆದರುತ್ತಾರೆ. ಶಾಕ್ ಹೊಡೆಯುತ್ತಾ, ಸುಡುತ್ತಾ ಅಂತ. ನಡೆಯುವುದು ಇಷ್ಟು. ಮೊದಲ ದಿನ ಸಿ.ಟಿ. ತೆಗೆದು ಲೆಕ್ಕ ಹಾಕುತ್ತಾರೆ. ಸೊಂಟದ ಮೇಲೆ ಸಾಸಿವೆಯಷ್ಟು ಹಚ್ಚೆ ಚುಕ್ಕೆ ಇಡುತ್ತಾರೆ, ದಿನಾ ಅದೇ ಗುರುತಿಗೆ ಮಲಗಿಸಲು. ಪ್ರತಿ ಸಲ ಮೂತ್ರ ಮಾಡಿ ಬಂದು, ಹೇಳಿದಷ್ಟು ನೀರು ಕುಡಿದು, ಸ್ವಲ್ಪ ಹೊತ್ತು ಕಾಯಬೇಕು. ಮೂತ್ರಕೋಶ ತುಂಬಿದ್ದರೆ ಸಣ್ಣ ಕರುಳು ಮೇಲೆ ಸರಿಯುತ್ತದೆ. ಇದನ್ನು ಬೇಸರಪಟ್ಟು ತಪ್ಪಿಸಬೇಡಿ. ಮಷೀನಿನ ಕೆಳಗೆ ಹತ್ತು ಹದಿನೈದು ನಿಮಿಷ. ನೋವಿಲ್ಲ, ವಾಸನೆ ಇಲ್ಲ. ಮನೆಗೆ ಬಂದು ಮೊಮ್ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬಹುದು, ಅವರಿಗೆ ಏನೂ ಆಗುವುದಿಲ್ಲ. ಎರಡು ಮೂರು ವಾರ ಕಳೆದ ಮೇಲೆ ಭೇದಿ, ಲೋಳೆ, ಮೂತ್ರ ಉರಿ, ಕುಂಡಿಯ ಮಡಿಕೆಯಲ್ಲಿ ಚರ್ಮ ಕೆಂಪಾಗುವುದು ಶುರುವಾಗುತ್ತದೆ. ಅರಿಶಿನ, ಬೇವು, ಪೌಡರ್ ಏನೂ ಹಚ್ಚಬೇಡಿ. ಆಸ್ಪತ್ರೆಯಲ್ಲಿ ಕೊಟ್ಟ ಮುಲಾಮು ಸಾಕು. ರಂಜಕ, ಹಸಿಮೆಣಸಿನಕಾಯಿ ಚಟ್ನಿ ಕೆಲ ದಿನ ದೂರ ಇಡಿ. ಮಜ್ಜಿಗೆ ಅನ್ನ, ಹೆಸರುಬೇಳೆ ತೊವ್ವೆ, ಮೆತ್ತಗಿನ ರೊಟ್ಟಿ ನಡೆಯುತ್ತದೆ. ಒಂದು ಒಳ್ಳೆಯ ಸುದ್ದಿ: ರಕ್ತ ಬೀಳುವುದು ಸಾಮಾನ್ಯವಾಗಿ ಕೆಲವು ವಾರಗಳಲ್ಲೇ ಇಳಿಯುತ್ತದೆ. ನಿಮ್ಮ ತಂದೆಗೆ ಧೈರ್ಯ ಬರುವುದು ಆವಾಗ.

ಕೆಪೆಸಿಟಬೀನ್ ಮಾತ್ರೆಯನ್ನು ಊಟವಾಗಿ ಅರ್ಧ ತಾಸಿನೊಳಗೆ ನುಂಗಬೇಕು. ಅಂಗೈ, ಅಂಗಾಲು ಕೆಂಪಾಗಿ ಸಿಪ್ಪೆ ಏಳಬಹುದು. ಹೊಲದಲ್ಲಿ ಬರಿಗಾಲಲ್ಲಿ ಓಡಾಡುವವರಿಗೆ ಇದು ಬೇಗ ಬಿರಿಯುತ್ತದೆ. ಚಪ್ಪಲಿ, ಕಾಲುಚೀಲ, ದಿನಾ ಎಣ್ಣೆ ಅಥವಾ ಕ್ರೀಮ್. ಮಾತ್ರೆ ಶುರುವಾದ ಮೇಲೆ ಎದೆನೋವು ಬಂದರೆ ಮಾತ್ರೆ ನಿಲ್ಲಿಸಿ ಆಗಿಂದಾಗಲೇ ಆಸ್ಪತ್ರೆಗೆ ಹೋಗಿ. ಬಹಳ ಕಡಿಮೆ ಮಂದಿಯಲ್ಲಿ ಈ ಔಷಧಿಯನ್ನು ಕರಗಿಸುವ ಕಿಣ್ವ ಹುಟ್ಟಿನಿಂದ ಕಡಿಮೆ ಇರುತ್ತದೆ. ಮೊದಲ ವಾರಗಳಲ್ಲೇ ಬಾಯಿ ತುಂಬ ಹುಣ್ಣು, ನಿಲ್ಲದ ಭೇದಿ ಬಂದರೆ ಡಾಕ್ಟರಿಗೆ ಆ ದಿನವೇ ಹೇಳಬೇಕು. ಆಕ್ಸಾಲಿಪ್ಲಾಟಿನ್ ಅನ್ನುವ, ಸಲೈನಿನಲ್ಲಿ ಕೊಡುವ ಕಿಮೋ ಔಷಧಿಯ ಗುಣ ಬೇರೆ. ಅದು ತಂಪಿಗೆ ಆಗುವುದಿಲ್ಲ. ಕೊಟ್ಟ ನಂತರ ಕೆಲ ದಿನ ಫ್ರಿಜ್ಜಿನ ನೀರು ಕುಡಿದರೆ ಗಂಟಲು ಹಿಡಿದಂತಾಗುತ್ತದೆ, ತಣ್ಣಗಿನ ತಂಬಿಗೆ ಮುಟ್ಟಿದರೆ ಬೆರಳು ಜುಮ್ಮೆನ್ನುತ್ತದೆ. ಡಿಸೆಂಬರಿನ ಬೆಳಗಾವಿ ಚಳಿಯಲ್ಲಿ ಕೈಗವಸು ಬೇಕೇಬೇಕು. ಆ ಜುಮ್ಮು ಮುಂದಿನ ಡೋಸಿನ ತನಕ ಹೋಗದೆ ಉಳಿದರೆ, ಅಂಗಿಯ ಗುಂಡಿ ಹಾಕಲು ಕಷ್ಟವಾದರೆ, ಮುಚ್ಚಿಡಬೇಡಿ. ಡೋಸ್ ಇಳಿಸಬೇಕಾಗುತ್ತದೆ.

ಕಿಮೋ ನಡೆಯುವಾಗ ಜ್ವರ 100.4 ಡಿಗ್ರಿ ದಾಟಿದರೆ ಊರಿನಲ್ಲಿ ಇಂಜೆಕ್ಷನ್ ಹಾಕಿಸಿಕೊಂಡು ಮಲಗಬೇಡಿ. ಅವತ್ತೇ, ರಾತ್ರಿಯಾದರೂ, ದೊಡ್ಡ ಆಸ್ಪತ್ರೆಗೆ ಹೊರಡಿ. ಬಿಳಿ ರಕ್ತಕಣ ಕಡಿಮೆ ಇರುವಾಗಿನ ಜ್ವರ ಒಂದೇ ರಾತ್ರಿಯಲ್ಲಿ ಜೀವಕ್ಕೆ ಬರಬಹುದು.

ಈ ತಿಂಗಳುಗಳಲ್ಲಿ ಆಪರೇಷನ್ನಿಗೆ ಮೈಯನ್ನೂ ತಯಾರು ಮಾಡಿ. ಏಳೆಂಟು ತಿಂಗಳು ರಕ್ತ ಹೋಗಿದೆ, ಹಿಮೋಗ್ಲೋಬಿನ್ ಎಷ್ಟಿದೆ ನೋಡಿಸಿ. ಕಬ್ಬಿಣದ ಸಲೈನ್ ಬೇಕಾಗಬಹುದು. ಬೀಡಿ, ತಂಬಾಕು ಇದ್ದರೆ ಇವತ್ತೇ ಬಿಡಿಸಿ. ಜೋಡಿಸಿದ ಕರುಳು ಬಿಚ್ಚಿಕೊಳ್ಳುವ ಅಪಾಯ ಸೇದುವವರಲ್ಲಿ ಜಾಸ್ತಿ. ದಿನಾ ನಡೆಯಲಿ.

ಕರೆಂಟ್, ಕಿಮೋ ಎರಡೂ ಮುಗಿದ ಮೇಲೆ ಮತ್ತೆ ಎಂಆರ್‌ಐ, ಸ್ಕೋಪ್, ಬೆರಳಿನ ಪರೀಕ್ಷೆ. ಇಲ್ಲಿ ಒಂದು ಅಚ್ಚರಿ ಕಾದಿರಬಹುದು. ಕೆಲವರಲ್ಲಿ ಗಡ್ಡೆ ಕಾಣುವುದೇ ಇಲ್ಲ. ಅಲ್ಲೊಂದು ಬಿಳಿ ಕಲೆ ಮಾತ್ರ. ಬ್ರೆಜಿಲ್ಲಿನ ಸಾವೊ ಪಾಲೊ ನಗರದ ಸರ್ಜನ್ ಆಂಜೆಲಿಟಾ ಹಬ್ರ್-ಗಾಮಾ ಅಂಥವರಿಗೆ ಆಪರೇಷನ್ ಮಾಡದೆ ಕಾದು ನೋಡಬಹುದು ಅಂತ 2004ರಲ್ಲಿ ವರದಿ ಮಾಡಿದಾಗ ಬಹಳ ಮಂದಿ ನಂಬಲಿಲ್ಲ. ಈಗ ಇದು ಒಪ್ಪಿತವಾದ ದಾರಿ. ಅಮೆರಿಕದ ಓಪ್ರಾ ಅಧ್ಯಯನದಲ್ಲಿ ಮೊದಲು ಕರೆಂಟ್, ಆಮೇಲೆ ಕಿಮೋ ತಗೊಂಡವರಲ್ಲಿ ಸುಮಾರು ಅರ್ಧ ಮಂದಿಗೆ 3 ವರ್ಷವಾದರೂ ಗುದನಾಳ ತೆಗೆಯಬೇಕಾಗಲಿಲ್ಲ.

ಆದರೆ ಕಾದು ನೋಡುವುದು ಅಂದರೆ ಮನೆಗೆ ಹೋಗಿ ಮರೆತುಬಿಡುವುದಲ್ಲ. ಮೊದಲ ಎರಡು ವರ್ಷ ಮೂರು ನಾಲ್ಕು ತಿಂಗಳಿಗೊಮ್ಮೆ ಸ್ಕೋಪ್, ಆರು ತಿಂಗಳಿಗೊಮ್ಮೆ ಎಂಆರ್‌ಐ. ಗಡ್ಡೆ ಮರಳಿದರೆ ಹೆಚ್ಚಾಗಿ ಆ ಎರಡು ವರ್ಷದಲ್ಲೇ ಮರಳುತ್ತದೆ, ಆಗ ಹಿಡಿದರೆ ಆಪರೇಷನ್ ಮಾಡಿ ತೆಗೆಯಬಹುದು. ಹಂಗಾಮು ಮುಗಿಯಲಿ, ಆಮೇಲೆ ಬರ್ತೀನಿ ಅನ್ನುವ ಸ್ವಭಾವದವರಿಗೆ ನಾನು ಈ ದಾರಿ ಹೇಳುವುದಿಲ್ಲ. ನಿಮ್ಮ ತಂದೆ ಎಂಥವರು ಅಂತ ನಿಮಗೇ ಗೊತ್ತು. ಏಳೆಂಟು ತಿಂಗಳು ರಕ್ತ ಬಿದ್ದರೂ ತೋರಿಸಿಕೊಳ್ಳದವರು ಅನ್ನುವುದನ್ನು ನಾನು ಮರೆಯಲಾರೆ.

ವಾಟ್ಸಾಪಿನ ಇಂಜೆಕ್ಷನ್ ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಅದರ ಹೆಸರು ಡೊಸ್ಟಾರ್ಲಿಮಾಬ್. 2022ರ ಜೂನಿನಲ್ಲಿ ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆಯವರು ಮೊದಲ 12 ರೋಗಿಗಳಲ್ಲಿ 12 ಮಂದಿಗೂ ಗಡ್ಡೆ ಮಾಯವಾಯಿತು ಅಂತ ಪ್ರಕಟಿಸಿದರು. ಅದು ಒಂದೇ ಇಂಜೆಕ್ಷನ್ ಅಲ್ಲ, ಮೂರು ವಾರಕ್ಕೊಮ್ಮೆ ಆರು ತಿಂಗಳು. ಮುಖ್ಯವಾಗಿ ಅವರೆಲ್ಲರ ಗಡ್ಡೆ ಡಿಎಂಎಂಆರ್ ಅನ್ನುವ ವಿಶೇಷ ಜಾತಿಯದು, ಅಂದರೆ ಜೀನ್‌ನ ತಪ್ಪುಗಳನ್ನು ರಿಪೇರಿ ಮಾಡುವ ವ್ಯವಸ್ಥೆ (ಎಂಎಂಆರ್) ಕೆಟ್ಟಿರುವಂಥದ್ದು. ಗುದನಾಳದ ಕ್ಯಾನ್ಸರ್‌ಗಳಲ್ಲಿ ಅದು ಶೇ. 5ರಿಂದ 10ರಷ್ಟು ಮಾತ್ರ. ಬಯಾಪ್ಸಿ ತುಣುಕಿನಲ್ಲೇ ಈ ಪರೀಕ್ಷೆ ಆಗುತ್ತದೆ, ಹೊಸದಾಗಿ ಚುಚ್ಚಬೇಕಿಲ್ಲ. ನಿಮ್ಮ ರಿಪೋರ್ಟಿನಲ್ಲಿ ಎಂಎಂಆರ್ ಬಗ್ಗೆ ಏನೂ ಬರೆದಿಲ್ಲ. ಕರೆಂಟ್ ಶುರುವಾಗುವ ಮೊದಲು ಇದನ್ನು ಕೇಳಿ ಮಾಡಿಸಿ. ಡಿಎಂಎಂಆರ್ ಅಂತ ಬಂದರೆ ದಾರಿಯೇ ಬದಲಾಗುತ್ತದೆ.

ಈಗ ಚೀಲದ ವಿಷಯ. 6 ಸೆಂ.ಮೀ. ಎತ್ತರದ ಗಡ್ಡೆಯಲ್ಲಿ, ಗುದದ್ವಾರ ಬಿಗಿಹಿಡಿಯುವ ಸ್ನಾಯುವಿಗೆ ಕ್ಯಾನ್ಸರ್ ತಾಗಿರದಿದ್ದರೆ, ಕರುಳು ಜೋಡಿಸಲು ಸಾಮಾನ್ಯವಾಗಿ ಆಗುತ್ತದೆ. ಜೋಡಿಸಿದ ಜಾಗ ಮಾಯುವ ತನಕ ಮಲ ಅಲ್ಲಿಗೆ ಬರಬಾರದು. ಅದಕ್ಕೆ ಸಣ್ಣ ಕರುಳಿನ ಕೊನೆಯ ಭಾಗವನ್ನು ಹೊಟ್ಟೆಯ ಬಲಗಡೆ ಹೊರತೆಗೆದು ಚೀಲ ಹಾಕುತ್ತಾರೆ. ಇದು ತಾತ್ಕಾಲಿಕ. ಕಿಮೋ ಮೊದಲೇ ಮುಗಿದಿದ್ದರೆ ಎರಡು ಮೂರು ತಿಂಗಳಲ್ಲಿ, ಜೋಡಣೆ ಗಟ್ಟಿಯಾಗಿದೆಯೇ ಅಂತ ಪರೀಕ್ಷಿಸಿ ಮುಚ್ಚುತ್ತಾರೆ. ಸ್ನಾಯುವಿಗೇ ಕ್ಯಾನ್ಸರ್ ಹೋಗಿದ್ದರೆ ಮಾತ್ರ ಗುದದ್ವಾರವನ್ನೂ ತೆಗೆದು ಎಡಗಡೆ ಶಾಶ್ವತ ಚೀಲ. ಆಪರೇಷನ್ ದೂರ್ಬೀನಿನದೋ, ರೋಬೋಟಿನದೋ, ತೆರೆದದ್ದೋ ಅನ್ನುವುದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಸರ್ಜನ್ ವರ್ಷಕ್ಕೆ ಎಷ್ಟು ಗುದನಾಳದ ಆಪರೇಷನ್ ಮಾಡುತ್ತಾರೆ ಅಂತ ಕೇಳುವುದು ಹೆಚ್ಚು ಉಪಯೋಗದ ಪ್ರಶ್ನೆ.

ಬಲಗಡೆಯ ಚೀಲದಲ್ಲಿ ಬರುವುದು ನೀರು ನೀರಾದ ಮಲ. ಅದರ ಜೊತೆ ಉಪ್ಪೂ ಹೋಗುತ್ತದೆ. ನಮ್ಮ ಬಾಗಲಕೋಟೆ, ವಿಜಯಪುರದ ಏಪ್ರಿಲ್ ಮೇ ಬಿಸಿಲು 40 ಡಿಗ್ರಿ ದಾಟುತ್ತದೆ, ಬೆವರಿನಲ್ಲೂ ಉಪ್ಪು ಹೋಗುತ್ತದೆ. ಈ ಎರಡೂ ಸೇರಿದಾಗ ಕಿಡ್ನಿಗೆ ಪೆಟ್ಟು. ಆಪರೇಷನ್ ಚೆನ್ನಾಗಿ ಆಗಿದ್ದರೂ ಸುಸ್ತಾಗಿ ಮತ್ತೆ ಅಡ್ಮಿಟ್ ಆಗುವುದು ಈ ಕಾರಣಕ್ಕೆ. ದಿನಕ್ಕೆ ಒಂದೂವರೆ ಲೀಟರ್‌ಗಿಂತ ಜಾಸ್ತಿ ಚೀಲಕ್ಕೆ ಬಂದರೆ, ಮೂತ್ರ ಕಡಿಮೆಯಾಗಿ ಗಾಢ ಹಳದಿಯಾದರೆ, ನಿಂತಾಗ ತಲೆ ತಿರುಗಿದರೆ ಡಾಕ್ಟರಿಗೆ ಫೋನ್ ಮಾಡಿ. ಬಾಯಾರಿಕೆ ಅಂತ ಬರೀ ನೀರು ಕುಡಿಸುತ್ತಾ ಹೋದರೆ ಚೀಲ ಇನ್ನೂ ಜಾಸ್ತಿ ತುಂಬುತ್ತದೆ. ಓಆರ್‌ಎಸ್ ಪುಡಿಯ ನೀರು, ಉಪ್ಪು ಹಾಕಿದ ಗಂಜಿ, ಉಪ್ಪು ಹಾಕಿದ ಮಜ್ಜಿಗೆ ಕೊಡಿ. ಚೀಲ ಮೂರನೇ ಒಂದು ಭಾಗ ತುಂಬಿದಾಗಲೇ ಖಾಲಿ ಮಾಡಬೇಕು. ಪೂರ್ತಿ ತುಂಬಲು ಬಿಟ್ಟರೆ ಭಾರಕ್ಕೆ ಚರ್ಮಕ್ಕೆ ಅಂಟಿಸಿದ ಬಿಲ್ಲೆ ಕಿತ್ತುಬರುತ್ತದೆ. ಬಿಲ್ಲೆಯ ತೂತನ್ನು ಕರುಳಿನ ಬಾಯಿಗಿಂತ ಕೂದಲೆಳೆಯಷ್ಟೇ ದೊಡ್ಡದಾಗಿ ಕತ್ತರಿಸಿ. ದೊಡ್ಡದಾದರೆ ಆ ನೀರು ಚರ್ಮವನ್ನು ಸುಡುತ್ತದೆ. ಹಚ್ಚುವ ಮೊದಲು ಚರ್ಮ ಒಣಗಿರಬೇಕು. ಫ್ಯಾನಿನ ಕೆಳಗೆ ಐದು ನಿಮಿಷ ಮಲಗಿಸಿ ಹಚ್ಚಿದರೆ ಬೇಸಿಗೆಯಲ್ಲೂ ನಿಲ್ಲುತ್ತದೆ. ಮೊದಲ ಆರೆಂಟು ವಾರ ಗೋವಿನಜೋಳದ ತೆನೆ, ಇಡೀ ಶೇಂಗಾ, ಕೊಬ್ಬರಿ ಚೂರು, ಕಬ್ಬಿನ ತುಂಡು ಬೇಡ. ನಾರು ಸಿಕ್ಕಿಕೊಂಡು ಕರುಳು ಕಟ್ಟಬಹುದು.

ಆಪರೇಷನ್ ಆದ ಮೇಲೂ ಕಿಮೋ ಬೇಕಾ ಅಂದಿರಿ. ಮೊದಲೇ ನಾಲ್ಕು ತಿಂಗಳು ಪೂರ್ತಿ ಆಗಿದ್ದರೆ ಸಾಮಾನ್ಯವಾಗಿ ಬೇಡ. ಮೊದಲು ಕರೆಂಟ್ ಮಾತ್ರ ಆಗಿದ್ದರೆ ಬೇಕಾಗುತ್ತದೆ, ಆಗ ಎಂಟು ವಾರದೊಳಗೆ ಶುರುಮಾಡಬೇಕು. ತಡವಾದಷ್ಟೂ ಲಾಭ ಕಡಿಮೆ. ಹೊರತೆಗೆದ ಕರುಳಿನ ಪೆಥಾಲಜಿ ರಿಪೋರ್ಟನ್ನು ಜೋಪಾನ ಮಾಡಿ. ಅದರಲ್ಲಿ ಅಂಚು ಸ್ವಚ್ಛ ಇದೆಯೇ, ಎಷ್ಟು ಗಂಟು ಸಿಕ್ಕವು, ಎಷ್ಟರಲ್ಲಿ ಕ್ಯಾನ್ಸರ್ ಇತ್ತು, ಟಿಎಂಇ ಪದರ ಪೂರ್ತಿ ಬಂದಿದೆಯೇ ಅನ್ನುವ ನಾಲ್ಕು ಮಾತು ಇರಬೇಕು. 12 ಗಂಟು ಸಿಗಬೇಕು ಅನ್ನುವುದು ರೂಢಿ. ಮೊದಲು ಕರೆಂಟ್ ಆದವರಲ್ಲಿ ಗಂಟು ಕುಗ್ಗಿ ಕಡಿಮೆ ಸಿಗಬಹುದು, ಗಾಬರಿ ಬೇಡ.

ದುಡ್ಡಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಚಿಕಿತ್ಸೆ ಸಿಗುತ್ತದೆ. ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡುವ ಆರೋಗ್ಯಮಿತ್ರರನ್ನು ಮೊದಲ ದಿನವೇ ಕಂಡು, ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕೇ ಅಂತ ವಿಚಾರಿಸಿ. ಜಮಖಂಡಿಯವರು ಮಿರಜಕ್ಕೂ ಹೋಗುತ್ತಾರೆ, ಹುಬ್ಬಳ್ಳಿ ನವನಗರಕ್ಕೂ ಹೋಗುತ್ತಾರೆ. ಎಲ್ಲಿಗಾದರೂ ಹೋಗಿ, ಆದರೆ ಮಹಾರಾಷ್ಟ್ರದ ಆಸ್ಪತ್ರೆಯಾದರೆ ಕಾರ್ಡ್ ನಡೆಯುತ್ತಾ ಅಂತ ಮೊದಲೇ ಕೇಳಿಕೊಳ್ಳಿ. ಕರೆಂಟ್ ಒಂದು ಕಡೆ, ಆಪರೇಷನ್ ಇನ್ನೊಂದು ಕಡೆ ಮಾಡಿಸುವುದಾದರೆ ಎರಡೂ ಕಡೆಯ ಡಾಕ್ಟರು ಕರೆಂಟಿಗೆ ಮೊದಲೇ ಎಂಆರ್‌ಐ ಸಿ.ಡಿ. ನೋಡಿರಲಿ. ರಿಪೋರ್ಟ್ ಕಾಗದ ಮಾತ್ರ ಸಾಲದು.

ಚೀಲ ಮುಚ್ಚಿದ ಮೇಲೆ ಎಲ್ಲ ಮೊದಲಿನಂತೆ ಅಂತ ತಿಳಿಯಬೇಡಿ. ಮಲ ಹಿಡಿದಿಡುತ್ತಿದ್ದ ಗುದನಾಳವೇ ಹೋಗಿದೆ. ಒಂದು ತಾಸಿನಲ್ಲಿ ನಾಲ್ಕೈದು ಸಲ ಹೋಗಬೇಕೆನಿಸುವುದು, ತಡೆಯಲಾಗದಿರುವುದು ಮೊದಲ ವರ್ಷ ಬಹಳ ಮಂದಿಗೆ ಇರುತ್ತದೆ. ಒಂದೆರಡು ವರ್ಷದಲ್ಲಿ ಸುಧಾರಿಸುತ್ತದೆ. ಇಸಬಗೋಲು, ಲೋಪೆರಮೈಡ್, ಗುದದ ಸ್ನಾಯುವಿನ ವ್ಯಾಯಾಮ ಕೆಲಸಕ್ಕೆ ಬರುತ್ತವೆ. ಲೈಂಗಿಕ ತೊಂದರೆಯೂ ಬರಬಹುದು. ನಿಮ್ಮ ತಂದೆ ಮಗನ ಮುಂದೆ ಅದನ್ನು ಹೇಳುವುದಿಲ್ಲ. ಒಂದು ಸಲ ಅವರೊಬ್ಬರನ್ನೇ ಡಾಕ್ಟರ ಹತ್ತಿರ ಒಳಗೆ ಬಿಟ್ಟು ನೀವು ಹೊರಗೆ ಕೂತಿರಿ.

ನಂತರದ ತಪಾಸಣೆ 5 ವರ್ಷ. ಮೊದಲ ಎರಡು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ ಸಿಇಎ ರಕ್ತಪರೀಕ್ಷೆ (ಈ ಕ್ಯಾನ್ಸರಿನಲ್ಲಿ ಏರಬಹುದಾದ ಒಂದು ಪ್ರೋಟೀನಿನ ಅಳತೆ), ಆಮೇಲೆ ಆರು ತಿಂಗಳಿಗೊಮ್ಮೆ. ನಡುನಡುವೆ ಎದೆ ಮತ್ತು ಹೊಟ್ಟೆಯ ಸಿ.ಟಿ. ಒಂದು ವರ್ಷಕ್ಕೆ ಕೊಲೊನೋಸ್ಕೋಪಿ. ಸಿಇಎ ಈಗ ಎಷ್ಟಿದೆ ಅಂತ ಚಿಕಿತ್ಸೆಗೆ ಮೊದಲು ಒಮ್ಮೆ ನೋಡಿಸಿಟ್ಟುಕೊಳ್ಳಿ. ಇಲ್ಲದಿದ್ದರೆ ಆಮೇಲೆ ಹೋಲಿಸಲು ಏನೂ ಇರುವುದಿಲ್ಲ.

ಕೊನೆಗೆ ನಿಮ್ಮ ಬಗ್ಗೆ. ತಂದೆಗೆ ಈ ಕಾಯಿಲೆ ಬಂದಿರುವುದರಿಂದ ನಿಮಗೂ ನಿಮ್ಮ ಅಣ್ಣತಮ್ಮ, ಅಕ್ಕತಂಗಿಯರಿಗೂ 40ನೇ ವಯಸ್ಸಿಗೆ ಕೊಲೊನೋಸ್ಕೋಪಿ ಆಗಬೇಕು, ತೊಂದರೆ ಇರಲಿ ಇಲ್ಲದಿರಲಿ. ಎಂಎಂಆರ್ ಪರೀಕ್ಷೆಯಲ್ಲಿ ಗಡ್ಡೆ ಡಿಎಂಎಂಆರ್ ಅಂತ ಬಂದರೆ ಅದು ವಂಶದಲ್ಲಿ ಬರುವ ಲಿಂಚ್ ಸಿಂಡ್ರೋಮ್ ಇರಬಹುದು. ಹಾಗಿದ್ದರೆ ತಂದೆಯ ರಕ್ತದಲ್ಲಿ ಜೀನ್ ಪರೀಕ್ಷೆ ಮಾಡಿಸಬೇಕು. ಅದರಲ್ಲಿ ದೋಷ ಸಿಕ್ಕರೆ ನೀವೆಲ್ಲರೂ ಅದೇ ಪರೀಕ್ಷೆ ಮಾಡಿಸಿಕೊಳ್ಳಬೇಕು. ನಿಮಗೂ ಆ ದೋಷ ಬಂದಿದ್ದರೆ 40ರ ತನಕ ಕಾಯುವ ಹಾಗಿಲ್ಲ, ಈಗಲೇ ಕೊಲೊನೋಸ್ಕೋಪಿ ಆಗಬೇಕು. ಅಷ್ಟರೊಳಗೆ ಮನೆಯಲ್ಲಿ ಯಾರಿಗಾದರೂ ಸಂಡಾಸದಲ್ಲಿ ರಕ್ತ ಕಂಡರೆ, ಮೂಲವ್ಯಾಧಿ ಅಂತ ಹೆಸರಿಡುವ ಮೊದಲು ಡಾಕ್ಟರು ಒಂದು ಸಲ ಬೆರಳು ಹಾಕಿ ನೋಡಲಿ.